ನಮ್ಮ ಮನೆಯವರ ಎಡಗಡೆ

ನಮ್ಮೂರಲ್ಲಿ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆಲ್ಲ ನೋಟಗಾರ ರೇವಣಪ್ಪ ಸೀಮೆಸುಣ್ಣ ಹಿಡಿದು ಬೀದಿಗೆ ಇಳಿಯುತ್ತಾನೆ. ಬಾಗಿಲ ಮೇಲೆ ಯಾರ ಹೆಸರಿದೆಯೋ ಅವರು ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರಬೇಕು. ಮನೆಯಲ್ಲಿ ಏನೇನಿದೆಯೋ ಎಲ್ಲವನ್ನೂ ಒಂದೊಂದಾಗಿ ನೋಡಿ, ಬೆರಳು ಮಾಡಿ ತೋರಿಸಿ, ಹೆಸರು ಹೇಳಬೇಕು. ಬಾಯಿಪಾಠ ನಡೆಯುವುದಿಲ್ಲ, ಬೆರಳು ಹೋದಲ್ಲಿ ಕಣ್ಣು ಹೋಗಬೇಕು. ಹೇಳದೆ ಬಿಟ್ಟದ್ದರ ಮೇಲೆ ರೇವಣಪ್ಪ ಒಂದು ಗೆರೆ ಎಳೆಯುತ್ತಾನೆ. ಮುಂದಿನ ವಾರ ಹೇಳಿದರೆ ಅಳಿಸುತ್ತಾನೆ. ಸಾಲಾಗಿ ಮೂರು ಸೋಮವಾರ ಮೂರು ಗೆರೆ ಬಿದ್ದವೋ, ಆ ವಸ್ತು ಆ ಮನೆಯದ್ದಲ್ಲ. ಬೀದಿಯಲ್ಲಿ ಯಾರು 'ನಾನು ನೋಡಿದೀನಿ' ಅನ್ನುತ್ತಾರೋ ಅವರದ್ದು. ಯಾರೂ ಅನ್ನದಿದ್ದರೆ ಪುರಸಭೆಯ ಗೋಡೌನಿಗೆ ಹೋಗುತ್ತದೆ.

ಮನುಷ್ಯರಿಗೂ ಇದೇ ಲೆಕ್ಕ. ಗೋಡೌನಿನಲ್ಲಿ ಒಡಕು ಸ್ಟೂಲುಗಳ ನಡುವೆ ಆರು ವರ್ಷದಿಂದ ಒಬ್ಬ ಜೀವವಿಮೆ ಏಜೆಂಟ್ ಕೂತಿದ್ದಾನೆ. ಅವನನ್ನು ಮನೆಯವರೂ ನೋಡುತ್ತಿರಲಿಲ್ಲ, ಬೀದಿಯವರಂತೂ ಅವನು ಬರುವುದು ಕಂಡರೆ ತಿರುಗಿ ನಿಲ್ಲುತ್ತಿದ್ದರು. ಅದೆಲ್ಲ ಅಪರೂಪಕ್ಕೆ ಆಗುವಂಥದ್ದು. ಭಾನುವಾರ ಸಂಜೆ ಊರಿಗೆ ಊರೇ ತಂತಮ್ಮ ಮನೆಯೊಳಗೆ ಒಂದು ಸುತ್ತು ಹಾಕುತ್ತದೆ: ಇದು ಕೊಡ, ಇದು ಮಣೆ, ಇದು ಮೊಸರಿನ ಗಡಿಗೆ. ನಮ್ಮ ಮನೆಯವರೂ ಮೂವತ್ತೊಂದು ವರ್ಷ ಹಾಗೇ ಸುತ್ತು ಹಾಕಿದರು. ಹೊಲಿಗೆ ಮಿಷನ್ ನೋಡಿ, ಇಸ್ತ್ರಿಪೆಟ್ಟಿಗೆ ನೋಡಿ, ಕೊನೆಗೆ ನನ್ನನ್ನು ನೋಡಿ, 'ಆಯ್ತು, ಊಟಕ್ಕೆ ಹಾಕು' ಅನ್ನುತ್ತಿದ್ದರು. ನನಗೇನೂ ಬೇಜಾರಿರಲಿಲ್ಲ. ಗೆರೆ ಬೀಳದಿದ್ದರೆ ಸಾಕಿತ್ತು.

ನಮ್ಮ ಮನೆಯವರು ಅಂದರೆ ಟೈಲರ್ ಹಾಲಪ್ಪ. ಹೋದ ವರ್ಷ ಬೇಸಿಗೆಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಬರುವ ಹೊತ್ತಿಗೆ ಮಾತು ಸರಿಯಾಗಿತ್ತು, ಎಡಗೈ ಸ್ವಲ್ಪ ನಿಧಾನ, ನಡೆದಾಡುತ್ತಿದ್ದರು. ಸದ್ಯ ಬದುಕಿದೆವು ಅಂದುಕೊಂಡೆ. ಮೊದಲ ದಿನ ಊಟಕ್ಕೆ ಕೂತವರು ತಟ್ಟೆಯ ಬಲಗಡೆ ಅರ್ಧ ಉಂಡು ಎದ್ದರು. ಎಡಗಡೆ ಅರ್ಧ ಅನ್ನ ಗೆರೆ ಕೊರೆದ ಹಾಗೆ ಉಳಿದಿತ್ತು. ನಮ್ಮಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಲ್ಲ ಎಡಗಡೆ ಬಡಿಸುವುದು. ವಾರವಿಡೀ ಒಂದೇ ರಾಗ, ಸಪ್ಪೆ ಊಟ ಹಾಕಿ ಸಾಯಿಸ್ತೀಯ, ಉಪ್ಪಿನಕಾಯಿ ಬಡಿಸೋಕೂ ನಿನಗೆ ಕೈ ಬರಲ್ಲ ಅಂತ. ಅಲ್ಲೇ ಇದೆಯಲ್ರೀ ಅಂದರೆ ಬಲಗಡೆ ನೆಲವೆಲ್ಲ ಹುಡುಕುತ್ತಿದ್ದರು. ಮುಖದ ಬಲ ಅರ್ಧಕ್ಕೆ ಮಾತ್ರ ಕ್ಷೌರ. ಎರಡು ತಿಂಗಳಾದ ಮೇಲೆ ಮಿಷನ್ ಮೇಲೆ ಕೂತು ಅಂಗಿ ಹೊಲಿದರೆ ಅದಕ್ಕೆ ಒಂದೇ ತೋಳು. ಊರಿನವರು ಒಳ್ಳೆಯವರು, ಯಾರೂ ಆಡಿಕೊಳ್ಳಲಿಲ್ಲ. ನಮ್ಮ ವಾರ್ಡಿನ ಮೆಂಬರು ಒಂದು ತೋಳಿನ ಅಂಗಿ ಹಾಕಿಕೊಂಡೇ ನೆಂಟರ ಮದುವೆಗೆ ಹೋಗಿ, ಸೆಕೆಗೆ ಹಾಯಾಗಿರುತ್ತೆ ಅಂತ ಹೇಳಿಕೊಂಡು ಬಂದರು. ಆಮೇಲೆ ನಾಲ್ಕಾರು ಜನ ಬೇಕೆಂದೇ ಹಾಗೆ ಹೊಲಿಸಿಕೊಂಡರು.

ಆದರೆ ರೇವಣಪ್ಪನಿಗೆ ದಾಕ್ಷಿಣ್ಯವಿಲ್ಲ. ಇವರು ನಡುಮನೆಯಲ್ಲಿ ಕೂತು ಬಲಗಡೆಯದ್ದನ್ನೆಲ್ಲ ಗಿಣಿಯ ಹಾಗೆ ಒಪ್ಪಿಸಿದರು. ಎಡಗಡೆ ಬೀರು, ದೇವರ ಗೂಡು, ರುಬ್ಬುವ ಗುಂಡು, ನಮ್ಮತ್ತೆಯ ಫೋಟೋ, ಒಂದನ್ನೂ ಹೇಳಲಿಲ್ಲ. ಮೂರು ವಾರಕ್ಕೆ ಎಡಗಡೆ ಮನೆ ಖಾಲಿ. ನಾನು ಬುದ್ಧಿವಂತೆ ಅಂದುಕೊಂಡು ಮುಂದಿನ ವಾರದಿಂದ ಕುರ್ಚಿಯನ್ನೇ ತಿರುಗಿಸಿಟ್ಟೆ. ಕುರ್ಚಿ ತಿರುಗಿದ್ದಕ್ಕೆ ಇವರ ಎಡಗಡೆಯೂ ತಿರುಗಿತು. ಇನ್ನು ಮೂರು ವಾರಕ್ಕೆ ಉಳಿದ ಅರ್ಧ ಮನೆಯೂ ಹೋಯಿತು. ಮಿಷನ್, ಅದರ ಮೇಲಿದ್ದ ಕತ್ತರಿ ಮಾತ್ರ ನಟ್ಟನಡುವೆ ಇದ್ದದ್ದರಿಂದ ಬಚಾವಾದವು. ನಾನು ಬಚಾವಾದದ್ದು ಇವರ ಬಲಗೈ ಹಿಡಿದು ನಿಂತಿರುತ್ತಿದ್ದೆನಲ್ಲ, ಅದಕ್ಕೆ.

ಆಗ ಬಂದವಳು ತಬಸ್ಸುಮ್. ಜಿಲ್ಲಾ ಆಸ್ಪತ್ರೆಯಿಂದ ಮನೆಮನೆಗೆ ಬಂದು ಲಕ್ವ ಹೊಡೆದವರಿಗೆ ಅಭ್ಯಾಸ ಮಾಡಿಸುವ ಹುಡುಗಿ. ಮದುವೆಯಾಗಿ ವರ್ಷವಾಗಿರಬಹುದು, ಮಾತು ಕಮ್ಮಿ, ಹಟ ಜಾಸ್ತಿ. ಕಾಗದ ಕೊಟ್ಟು ಗಡಿಯಾರ ಬರೆಯಿರಿ ಅಂದಳು. ಇವರು ದುಂಡಗೆ ಗೀಟು ಎಳೆದು ಹನ್ನೆರಡು ಅಂಕಿಯನ್ನೂ ಬಲಗಡೆಯೇ ಒತ್ತೊತ್ತಾಗಿ ತುರುಕಿ, ಹೇಗಿದೆ ಅಂತ ಹೆಮ್ಮೆಯಿಂದ ನೋಡಿದರು. ಕಣ್ಣಿಗೆ ಏನೂ ಆಗಿಲ್ಲ ಅಮ್ಮ, ಎಡಗಡೆ ಅನ್ನೋದು ಒಂದಿದೆ ಅನ್ನೋದೇ ಮಿದುಳಿಗೆ ಮರೆತುಹೋಗಿದೆ, ಅದನ್ನು ದಿನಾ ನೆನಪು ಮಾಡಿಕೊಡಬೇಕು ಅಂದಳು. ತಟ್ಟೆ ತಿರುಗಿಸಿ ಕೊಡಬೇಡಿ. ನೀರಿನ ಚೊಂಬು ಎಡಗಡೆ ಇಡಿ. ಮಾತಾಡಿಸುವುದು ಎಡಗಡೆಯಿಂದ, ಎಡಗೈ ಮುಟ್ಟಿ ಮಾತಾಡಿಸಿ, ಅವರಾಗಿ ತಿರುಗುವವರೆಗೆ ಕಾಯಿರಿ. ಕೊನೆಗೆ ನನ್ನ ಭುಜ ಹಿಡಿದು ಇವರ ಎಡಗಡೆಗೆ ತಂದು ನಿಲ್ಲಿಸಿದಳು. 'ನೀವು ಇನ್ನು ಇಲ್ಲೇ ಇರ್ಬೇಕು. ನಿಮ್ಮನ್ನ ಹುಡುಕೋಕಾದ್ರೂ ಅವರು ಈ ಕಡೆ ತಿರುಗ್ತಾರೆ.'

ನಾನು ನಮ್ಮೂರಿನ ಪದ್ಧತಿ ಹೇಳಿದೆ. ಅವಳ ಊರಲ್ಲಿ ನೋಡದಿದ್ದರೂ ಸಾಮಾನು ಇದ್ದಲ್ಲೇ ಇರುತ್ತದಂತೆ. ಅದು ಹೇಗೋ ನನಗೆ ಅರ್ಥವಾಗಲಿಲ್ಲ, ನಮ್ಮದು ಅವಳಿಗೆ ಅರ್ಥವಾಗಲಿಲ್ಲ. ಹೆಂಡತಿ ಗಂಡನ ಎಡಕ್ಕೆ ನಿಲ್ಲುವುದು ಪೂಜೆಯಲ್ಲೂ ಇರುವಂಥದ್ದೇ, ಇರಲಿ ಅಂತ ನಿಂತೆ. ಆ ಸೋಮವಾರ ಇವರು ಮಿಷನ್ ಅಂದರು, ಕತ್ತರಿ ಅಂದರು, ಸುಮ್ಮನಾದರು. ರೇವಣಪ್ಪ ನನ್ನ ಹೆಗಲ ಮೇಲೆ ಒಂದು ಗೆರೆ ಎಳೆದ. ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು. ಮೈಯೆಲ್ಲ ಉರಿದುಹೋಯಿತು.

ಮುಂದಿನ ಸೋಮವಾರ ಹೆದರಿಕೆ ತಡೆಯಲಾರದೆ, ಒಂದು ನಿಮಿಷ ತಾನೇ ಅಂತ, ಬಲಗಡೆಗೆ ಜರುಗಿ ನಿಂತೆ. ಇವರು ಕಂಡವರೇ ಮುಖ ಅರಳಿಸಿ, 'ಓ, ಮಂಗಳ ಇಲ್ಲೇ ಅವಳೆ' ಅಂತ ಬೆರಳು ಮಾಡಿದರು. ಗೆರೆ ಅಳಿಯಿತು. ನನ್ನ ಖುಷಿ ನಾಲ್ಕು ದಿನ. ಆ ನಾಲ್ಕು ದಿನ ಇವರು ಎಡಕ್ಕೆ ಕತ್ತು ಹೊರಳಿಸಲೇ ಇಲ್ಲ. ಬಲಗಡೆ ಸಿಕ್ಕಿದೆಯಲ್ಲ, ಇನ್ನೇಕೆ? ತಬಸ್ಸುಮ್ ಎರಡು ವಾರ ಕಲಿಸಿದ್ದೆಲ್ಲ ನೀರಲ್ಲಿ ಹೋಯಿತು. ಶುಕ್ರವಾರ ಅಂಗಿಯೊಂದಕ್ಕೆ ಇಸ್ತ್ರಿ ಹಾಕಬೇಕೆಂದು ಇವರು ಕೇಳಿದ್ದಕ್ಕೆ ಪಕ್ಕದ ಮನೆಯವರು ಕಾದ ಪೆಟ್ಟಿಗೆ ತಂದು ಎಡಗಡೆ ಇಟ್ಟುಹೋಗಿದ್ದರು. ನಾನು ಹಿತ್ತಲಲ್ಲಿದ್ದೆ. ಸುಟ್ಟ ವಾಸನೆ ಬಂತು. ಬಟ್ಟೆ ಸೀದಿರಬೇಕು ಅಂತ ಓಡಿ ಬಂದರೆ ಇವರ ಎಡ ಅಂಗೈ ಇಸ್ತ್ರಿಪೆಟ್ಟಿಗೆಗೆ ಆತುಕೊಂಡಿದೆ, ಇವರು ಬಲಗಡೆ ನೋಡುತ್ತಾ, ಏನೋ ಸೀದ ವಾಸನೆ ಬರ್ತಾ ಐತೆ ನೋಡೇ, ಅನ್ನುತ್ತಿದ್ದಾರೆ.

ಆ ಕೈಗೆ ಬೆಣ್ಣೆ ಹಚ್ಚಲು ಹೋದ ನನ್ನನ್ನು ಅಷ್ಟರಲ್ಲಿ ಬಂದ ತಬಸ್ಸುಮ್ ಗದರಿಸಿ, ತಣ್ಣೀರು ಸುರಿದು, ಬಟ್ಟೆ ಕಟ್ಟಿದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. 'ಎಡಗಡೆ ಬರೀ ಬೀರು, ಫೋಟೋ ಇರಲ್ಲಮ್ಮ. ಬೆಂಕಿನೂ ಇರುತ್ತೆ, ಲಾರಿನೂ ಬರುತ್ತೆ. ನೀವು ಬಲಗಡೆ ನಿಂತ್ರೆ ನೀವು ಸಿಗ್ತೀರ, ಆ ಕಡೆ ಯಾವತ್ತೂ ಸಿಗಲ್ಲ. ನಿಮ್ಮಿಷ್ಟ' ಅಂದಳು. ರಾತ್ರಿ ಬೆಳಗಾಗುವವರೆಗೆ ಯೋಚಿಸುವಂಥದ್ದೇನೂ ಇರಲಿಲ್ಲ. ಆ ಕೈ ನೋಡಿದ ಮೇಲೆ ನಾನು ಎಡಗಡೆಗೇ ಹೋಗಿ ನಿಂತೆ.

ಒಂದು ಸೋಮವಾರ, ಒಂದು ಗೆರೆ. ಎರಡನೆಯ ಸೋಮವಾರ, ಎರಡು. ಇವರ ಕತ್ತು ಸ್ವಲ್ಪ ಸ್ವಲ್ಪ ತಿರುಗತೊಡಗಿತ್ತು, ಸುಳ್ಳು ಹೇಳುವುದಿಲ್ಲ. ತಬಸ್ಸುಮ್ ಹಲಗೆಯ ಮೇಲೆ ಹನ್ನೆರಡು ಅಂಗಿ ಗುಂಡಿ ಸಾಲಾಗಿ ಇಟ್ಟು, ಎಡತುದಿಯಲ್ಲಿ ಕೆಂಪು ದಾರ ಅಂಟಿಸಿ, ದಾರ ಕಾಣುವವರೆಗೂ ಹೆಕ್ಕಿ ಅನ್ನುತ್ತಿದ್ದಳು. ಐದು ಹೆಕ್ಕುತ್ತಿದ್ದವರು ಆರು ಹೆಕ್ಕಿದರು, ಏಳು ಹೆಕ್ಕಿದರು. ನಾನು ಹನ್ನೆರಡನೆಯದರ ಆಚೆ ನಿಂತಿದ್ದೆ. ಎದುರು ಸಾಲಿನಲ್ಲಿ ನಮ್ಮ ಬಾಗಿಲಿಂದ ಎಡಕ್ಕೆ ಮೂರನೆಯ ಮನೆ ಕೊಟ್ರಮ್ಮನದು. ಅವಳಿಗೆ ಇಬ್ಬರು ಗಂಡುಮಕ್ಕಳು, ರೊಟ್ಟಿ ತಟ್ಟುವವರಿಲ್ಲ. ನನ್ನ ರೊಟ್ಟಿಯ ಮೇಲೆ ಅವಳಿಗೆ ಮೊದಲಿಂದಲೂ ಆಸೆ. ಹೆಗಲ ಮೇಲೆ ಗೆರೆ ಕಂಡದ್ದೇ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ದಿನವಿಡೀ ನನ್ನನ್ನೇ ನೋಡತೊಡಗಿದಳು. ಕೆಟ್ಟ ಹೆಂಗಸಲ್ಲ. ನನಗೆಂದು ಹೊಸ ಚಾಪೆ ಕೂಡ ತಂದಿಟ್ಟಿದ್ದಳು. ನಿನ್ನ ನೋಡಿ ನೋಡಿ ನನ್ನ ಕಣ್ಣು ನೋಯ್ತಾ ಐತೆ, ಬೇಗ ಬಂದುಬಿಡವ್ವ, ಅಂತ ನೀರಿನ ನಲ್ಲಿಯ ಹತ್ತಿರ ಹೇಳಿದಳು.

ಮೂರನೆಯ ಸೋಮವಾರ ಮೂರನೆಯ ಗೆರೆ ಬಿತ್ತು. ರೇವಣಪ್ಪ ಬಾಗಿಲಿಗೆ ಹೋಗಿ, ಯಾರಾದ್ರೂ ನೋಡೀರೇನು ಅಂತ ಒಂದು ಸಲ ಕೂಗುವುದರೊಳಗೆ ಕೊಟ್ರಮ್ಮ ಓಡಿ ಬಂದು, ನಾನು ನೋಡಿದೀನಿ, ಅಂತ ನನ್ನ ಕೈ ಹಿಡಿದಳು. ನಾನು ಹೊಸಿಲು ದಾಟುವಾಗ ಇವರು ಬಲಗಡೆ ಖಾಲಿ ಗೋಡೆಯ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದರು:

'ಮಂಗಳಾ, ಕೊಟ್ರಮ್ಮಾರು ನಮ್ಮ ಮನೆಯಿಂದ ಯಾರನ್ನೋ ಕರ್ಕೊಂಡು ಹೋಗ್ತಾವ್ರೆ ನೋಡೇ. ಯಾರು ಪಾಪ ಅದು?'

ನಾನು ದಾರಿಯುದ್ದಕ್ಕೂ ಅತ್ತೆ. ಕೊಟ್ರಮ್ಮನಿಗೂ ಕಣ್ಣಲ್ಲಿ ನೀರು ಬಂತು, ಆದರೆ ಕೈ ಬಿಡಲಿಲ್ಲ.

ಅಲ್ಲಿ ಮೊದಲ ವಾರ ರಾಣಿಯ ಹಾಗೆ ಇಟ್ಟುಕೊಂಡಳು. ನಾನು ರೊಟ್ಟಿ ತಟ್ಟುವುದನ್ನು ಎದುರಿಗೆ ಕೂತು ನೋಡಿದಳು, ಅಕ್ಕಪಕ್ಕದವರನ್ನು ಕರೆದು ತೋರಿಸಿದಳು. ತನ್ನ ಒಂದು ಸೀರೆ, ಯಾರೋ ಪೇಟೆಯ ಟೈಲರ್ ಹೊಲಿದ ಒಂದು ಕುಪ್ಪಸ ಉಡಲು ತೊಡಲು ಕೊಟ್ಟಳು. ಸೋಮವಾರ ಎಲ್ಲಕ್ಕಿಂತ ಮೊದಲು ನನ್ನ ಕಡೆ ಬೆರಳು ಮಾಡಿದಳು. ನಮ್ಮ ಮನೆಯವರಿಗೆ ಎರಡು ಹೊತ್ತು ಊಟ ಕಳಿಸಬೇಕು ಅಂದರೆ ಅದಕ್ಕೂ ಹೂಂ ಅಂದಳು. ತಬಸ್ಸುಮ್ ಬಂದು ತಟ್ಟೆ ಒಯ್ಯುತ್ತಿದ್ದಳು. ಒಂದು ದಿನ ಲಂಗದ ಕೆಂಪು ಬಟ್ಟೆ ತಂದು ಉದ್ದ ಪಟ್ಟಿ ಹರಿದು ಕೊಟ್ರಮ್ಮನ ಬಾಗಿಲ ಚೌಕಟ್ಟಿಗೆ ಕಟ್ಟಿದಳು. ನಮ್ಮ ಜಗಲಿಯಲ್ಲಿ ಇವರನ್ನು ಕೂರಿಸಿ, ಆ ಕೆಂಪು ಪಟ್ಟಿ ಕಾಣುವವರೆಗೆ ಕತ್ತು ತಿರುಗಿಸಿ, ಕಂಡ ಮೇಲೆ ನಿಲ್ಲಿಸಿ, ಅಂತ ಬೆಳಿಗ್ಗೆ ಸಂಜೆ ಹೇಳಿಕೊಟ್ಟಳು. ನಾನು ರೊಟ್ಟಿ ತಟ್ಟುತ್ತಾ ಕಿಟಕಿಯಿಂದ ನೋಡುತ್ತಿದ್ದೆ. ಇವರ ಮುಖ ಮೊದಲು ನಮ್ಮ ಎದುರುಮನೆಯವರೆಗೆ ಬರುತ್ತಿತ್ತು. ಆಮೇಲೆ ಅದರ ಪಕ್ಕದ ಮನೆ.

ಎರಡನೆಯ ವಾರ ಕೊಟ್ರಮ್ಮ ತಲೆಯೆತ್ತದೆ ತಟ್ಟೆ ಮುಂದಕ್ಕೆ ತಳ್ಳಿದಳು. ರೊಟ್ಟಿ ಬಂದು ಬಿತ್ತು, ತಿಂದಳು. ಸೋಮವಾರ ತನ್ನ ಮನೆಯ ಜರಡಿ, ಸೌಟು, ಹೊಸ ಚಾಪೆ ಎಲ್ಲ ತೋರಿಸಿ ನನ್ನನ್ನು ಬಿಟ್ಟಳು. ನಾನು ಚಾಪೆಯ ಮೇಲೇ ಕೂತಿದ್ದೆ. ಬೇಕೆಂದು ಬಿಟ್ಟದ್ದಲ್ಲ. ಸಿಕ್ಕಿಬಿಟ್ಟಿದ್ದೆನಲ್ಲ, ಇನ್ನು ನೋಡುವುದೇನಿದೆ? ಅದರ ಮುಂದಿನ ಸೋಮವಾರವೂ ಬಿಟ್ಟಳು. ರೇವಣಪ್ಪ ಎರಡನೆಯ ಗೆರೆ ಎಳೆಯುತ್ತಾ, ಗೋಡೌನಿನಲ್ಲಿ ಗಾಳಿ ಬೆಳಕು ಚೆನ್ನಾಗೈತೆ, ಅಂತ ಸಮಾಧಾನ ಹೇಳಿದ.

ಈಗ ನನ್ನ ಪಾಡು ಹೇಗಿತ್ತು ನೋಡಿ. ಒಂದು ದಿನ ರೊಟ್ಟಿ ಸೀಯಿಸಿದರೆ ಸಾಕು, ಕೊಟ್ರಮ್ಮ ತಲೆಯೆತ್ತಿ ನನ್ನನ್ನು ನೋಡುತ್ತಿದ್ದಳು. ಗೆರೆ ಅಳಿಯುತ್ತಿತ್ತು. ಆದರೆ ನಾನು ಅವಳವಳಾಗಿಯೇ ಉಳಿಯುತ್ತಿದ್ದೆ. ಸುಮ್ಮನಿದ್ದರೆ ಮೂರನೆಯ ಗೆರೆ ಬೀಳುತ್ತದೆ. ಆಗ ನಮ್ಮ ಮನೆಯವರು ನೋಡಿದರೆ ಮನೆಗೆ ಹೋಗುತ್ತೇನೆ, ನೋಡದಿದ್ದರೆ ಏಜೆಂಟನ ಪಕ್ಕದಲ್ಲಿ ಸ್ಟೂಲು. ಇವರ ಕತ್ತು ಕೆಂಪು ಪಟ್ಟಿಗೆ ಇನ್ನೂ ಒಂದು ಮನೆ ಹಿಂದಿತ್ತು. ತಬಸ್ಸುಮ್‌ಳನ್ನು ಕೇಳಿದೆ, ಆಗುತ್ತೇನಮ್ಮ ಅಂತ. ಗ್ಯಾರಂಟಿ ಕೊಡಲ್ಲಮ್ಮ, ಮಿದುಳಿನ ಕೆಲಸ, ಅಂದಳು. ಮೂವತ್ತೊಂದು ವರ್ಷ ಭಾನುವಾರದ ಸುತ್ತಿನಲ್ಲಿ ನನ್ನನ್ನು ಇಸ್ತ್ರಿಪೆಟ್ಟಿಗೆ ಆದ ಮೇಲೆ ನೋಡಿದ ಮನುಷ್ಯ. ಕಾಯಿಲೆ ಇಲ್ಲದಾಗ ನೋಡಿದ್ದೇ ಅಷ್ಟು. ಸಿಟ್ಟು ಬಂತು, ಬೇಕಾದಷ್ಟು ಬಂತು. ಆದರೂ ವಾರವಿಡೀ ಒಂದು ರೊಟ್ಟಿಯನ್ನೂ ಸೀಯಲು ಬಿಡಲಿಲ್ಲ. ಹೂವಿನ ಹಾಗೆ ತಟ್ಟಿದೆ. ಕೊಟ್ರಮ್ಮ ತಲೆ ತಗ್ಗಿಸಿ ತಿಂದಳು.

ಸೋಮವಾರ ಬಂತು. ಕೊಟ್ರಮ್ಮ ಎಲ್ಲ ಹೇಳಿದಳು, ಇನ್ನೇನಾದ್ರೂ ಐತಾ ಅಂತ ರೇವಣಪ್ಪ ಕೇಳಿದರೆ, ಕೈಯಲ್ಲಿ ನನ್ನ ರೊಟ್ಟಿಯ ಚೂರು ಹಿಡಿದುಕೊಂಡು, ಇನ್ನೇನೈತೆ ನಮ್ಮಂಥವರ ಮನೇಲಿ, ಅಂದಳು. ಮೂರನೆಯ ಗೆರೆ ಬಿತ್ತು. ಗೆರೆಯ ಸದ್ದಿಗೆ ತಿರುಗಿದವಳು ನನ್ನನ್ನು ಕಂಡು ಎದೆ ಎದೆ ಬಡಿದುಕೊಂಡಳು. ಬಿದ್ದದ್ದು ಬಿದ್ದಿತ್ತು. ರೇವಣಪ್ಪ ನನ್ನನ್ನು ಹೊರಗೆ ತಂದು ಬಾಗಿಲ ಕೆಂಪು ಪಟ್ಟಿಯ ಪಕ್ಕದಲ್ಲಿ ನಿಲ್ಲಿಸಿದ. ಗೋಡೌನಿನ ತಳ್ಳುಗಾಡಿ ಬಂದು ನಿಂತಿತ್ತು. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಸೋಮವಾರ ಆ ಹೊತ್ತಿನಲ್ಲಿ ಎಲ್ಲರೂ ಒಳಗೆ ಕೂತು ತಮ್ಮ ತಮ್ಮ ಕೊಡಪಾನ ನೋಡುತ್ತಿರುತ್ತಾರೆ, ಹೊರಗೆ ಕಣ್ಣು ಹಾಯಿಸಿದರೆ ತಮ್ಮದೇ ಏನಾದರೂ ತಪ್ಪಿಹೋದೀತೆಂಬ ಭಯ. ನಮ್ಮ ಮನೆಯವರಿಗೆ ಮಾತ್ರ ಮಿಷನ್ ಬಿಟ್ಟರೆ ಒಳಗೆ ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ಜಗಲಿಯಲ್ಲಿ ಕೂತಿದ್ದರು. ತಬಸ್ಸುಮ್ ಅವರ ಹಿಂದೆ ಗೋಡೆಗೆ ಆತು ನಿಂತಿದ್ದಳು, ಅವತ್ತು ಏನೂ ಹೇಳಿಕೊಡಲಿಲ್ಲ. ಪರವೂರಿನವಳು ನೋಡಿದ್ದು ನಮ್ಮಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಮಂಗಳಮ್ಮನ್ನ ಯಾರಾದ್ರೂ ನೋಡೀರೇನ್ರೀ, ಅಂತ ರೇವಣಪ್ಪ ಕೂಗಿದ. ಇವರು ಹೆಸರು ಕೇಳಿದ್ದೇ ಬಲಗಡೆ ತಿರುಗಿ, ಆ ತುದಿಯ ನಲ್ಲಿಯವರೆಗೂ ಹುಡುಕಿದರು. ಎರಡನೆಯ ಸಲ ಕೂಗಿದ. ಇವರ ಮುಖ ಮೆಲ್ಲಗೆ ಎಡಕ್ಕೆ ಹೊರಟಿತು. ಎದುರುಮನೆ ದಾಟಿತು. ಅದರ ಪಕ್ಕದ ಮನೆ ದಾಟಿತು. ಕೊಟ್ರಮ್ಮನ ಬಾಗಿಲಿಗೆ ಬಂತು, ಕೆಂಪು ಪಟ್ಟಿ ಕಂಡಿತು, ಅಲ್ಲೇ ನಿಂತಿತು. ಅವರಿಗೆ ಕಲಿಸಿದ್ದೇ ಅಷ್ಟು, ಕೆಂಪು ಕಂಡ ಮೇಲೆ ನಿಲ್ಲಿಸಿ ಅಂತ. ನಾನು ಪಟ್ಟಿಯಿಂದ ಒಂದು ಗೇಣು ಎಡಕ್ಕೆ ನಿಂತಿದ್ದೆ. ಪಾಠ ಚೆನ್ನಾಗಿ ಒಪ್ಪಿಸಿದವರ ಹಾಗೆ ಇವರು ಪಟ್ಟಿಯನ್ನೇ ನೋಡುತ್ತಾ ಕೂತರು. ತಬಸ್ಸುಮ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಗಾಡಿಯವನು ಕೈಗೆ ಉಗುಳಿಕೊಂಡು ಹಿಡಿ ಹಿಡಿದ.

ಮೂರನೆಯ ಸಲ ಕೂಗಿದ. ಇವರ ಹುಬ್ಬು ಗಂಟಾಯಿತು. ತಪ್ಪು ಹೊಲಿಗೆ ಕಂಡಾಗ ಹಾಗಾಗುತ್ತದೆ, ನನಗೆ ಗೊತ್ತು. ಕತ್ತು ಕೆಂಪು ಪಟ್ಟಿಯನ್ನು ದಾಟಿ ಒಂದು ಗೇಣು ಈಚೆ ಬಂತು.

'ಆ ಕುಪ್ಪಸ ಯಾವನ್ರೀ ಹೊಲ್ದಿದ್ದು? ಹೆಗಲು ಹದಿನಾರು ಬಿಟ್ಟವ್ನೆ. ಅವಳ ಹೆಗಲು ಹದಿನಾಲ್ಕು.'

ರೇವಣಪ್ಪ ಅಷ್ಟಕ್ಕೆ ಒಪ್ಪುವವನಲ್ಲ. ಬೀದಿ ದಾಟಿ ಇವರೆದುರು ನಿಂತು, ಟೈಲರ್ರೇ, ನೀವು ನೋಡಿದ್ದು ಕುಪ್ಪಸಾನೋ ಹೆಣ್ಣುಮಗಳನ್ನೋ ಸರಿಯಾಗಿ ಹೇಳಿ, ಕುಪ್ಪಸ ಆದ್ರೆ ಕುಪ್ಪಸ ಬಿಚ್ಚಿಸಿಕೊಡ್ತೀನಿ, ಅಂದ. ಇವರು ಅವನನ್ನು ಬಲಗೈಯಿಂದ ಪಕ್ಕಕ್ಕೆ ಸರಿಸಿದರು. ಬೆರಳು ಎತ್ತಿ ನನ್ನ ಕಡೆ ಮಾಡಿದರು. ಬೆರಳಿನ ಹಿಂದೆ ಕಣ್ಣೂ ಬಂತು.

'ಕುಪ್ಪಸ ಕೊಟ್ರಮ್ಮಾರೇ ಇಟ್ಕೊಳ್ಳಲಿ. ಅವಳು ಮಂಗಳ, ನನ್ನ ಹೆಂಡ್ತಿ. ಎಷ್ಟು ಇಳಿದುಹೋಗವ್ಳೆ ನೋಡ್ರಿ.'

ನಾನು ಬೀದಿ ದಾಟಿ ಬರುವವರೆಗೂ ಅವರು ಕಣ್ಣು ತೆಗೆಯಲಿಲ್ಲ. ಹತ್ತಿರ ಬಂದು ನಿಂತರೂ ತೆಗೆಯಲಿಲ್ಲ. ಹೀಗೆ ನೋಡಿಸಿಕೊಂಡು ಅಭ್ಯಾಸವಿಲ್ಲದ ನನಗೆ ನಾಚಿಕೆಯಾಗಿ, ಏನ್ರೀ ಹಾಗೆ ನೋಡ್ತೀರ, ಅಂದೆ. ಕೊರಳಲ್ಲಿದ್ದ ಟೇಪು ತೆಗೆದು, ತಿರುಗು ಅಂತ ಸನ್ನೆ ಮಾಡಿದರು. ತಿರುಗಿ ನಿಂತೆ. ನನ್ನ ಬಲ ಹೆಗಲ ಮೂಳೆಯ ಮೇಲೆ ಟೇಪಿನ ತುದಿ ಇಟ್ಟು ಬಲಗೈ ಹೆಬ್ಬೆರಳಿಂದ ಒತ್ತಿದರು. ಸುಟ್ಟ ಗಾಯ ಮಾಗಿದ ಎಡಗೈ ಟೇಪು ಹಿಡಿದು ಬೆನ್ನ ಮೇಲೆ ಹೊರಟಿತು. ಬೆನ್ನಿನ ನಡುವೆ ಬಂದು ನಿಂತಿತು. ಮುಂದೆ ಹೋಗ್ರೀ ಅನ್ನಬೇಕೆನಿಸಿತು, ಅನ್ನಲಿಲ್ಲ. ತಬಸ್ಸುಮ್ ಕೂಡ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೈ ಮತ್ತೆ ಹೊರಟು, ನಿಧಾನಕ್ಕೆ ಎಡ ಹೆಗಲಿನ ತುದಿ ಮುಟ್ಟಿತು.

'ಹದಿಮೂರೂವರೆ' ಅಂದರು. 'ಅರ್ಧ ಇಂಚು ಎಲ್ಲಿ ಹೋಯ್ತೇ?'

ಅವರ ಕೈ ಇನ್ನೂ ನನ್ನ ಎಡ ಹೆಗಲ ಮೇಲೇ ಇತ್ತು.